ಹಳೆಯ ಕಾಲದ ರಿವಾಲ್ವರಿಗೆ ಚರ್ಮದ ಒರೆ ಮಾಡುವುದು ಹೇಗೆ?

ರಿವಾಲ್ವರಿಗೆ ಕೈಯಾರೆ ಚರ್ಮದ ಒರೆ ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಹೊಲಿಗೆಯಲ್ಲಿ ಅಲ್ಲ. ಹೊಲಿಗೆ ಮಾಡ್ತಾ ಮಾಡ್ತಾ ಕೈಗೆ ಹತ್ತುತ್ತದೆ. ಕೆಲಸ ಕೆಡುವುದು ಚರ್ಮವನ್ನು ಒದ್ದೆ ಮಾಡಿ ಆಕಾರ ಕೂರಿಸುವಾಗ. ಗಂಟೆಗಟ್ಟಲೆ ಬಕೆಟ್‌ನಲ್ಲಿ ನೆನೆಹಾಕುತ್ತಾರೆ, ಗನ್ ತುರುಕುತ್ತಾರೆ, ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಹಿಡಿಯುತ್ತಾರೆ. ಕೊನೆಗೆ ಉಳಿಯುವುದು ಮುರುಟಿದ, ಕಪ್ಪು ಕಲೆ ಬಿದ್ದ ಚರ್ಮ. ಅಷ್ಟು ಒಳ್ಳೆಯ ಚರ್ಮ ಹೀಗೆ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇಲ್ಲಿ ಆ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಮಾದರಿ?

ಅಮೆರಿಕದ ಪಶ್ಚಿಮ ಭಾಗದಲ್ಲಿ 1850ರ ದಶಕದಲ್ಲಿ ಬಳಕೆಗೆ ಬಂದದ್ದು ಕ್ಯಾಲಿಫೋರ್ನಿಯಾ ಮಾದರಿ. ಈಗ ಅದನ್ನು ಸ್ಲಿಮ್ ಜಿಮ್ ಅನ್ನುತ್ತಾರೆ. ಸಪೂರವಾದ ಒರೆ, ಗನ್ನಿನ ಮೈಗೆ ಹೊಂದಿಕೊಂಡಿರುತ್ತದೆ. ಕೋಲ್ಟ್ ಕಂಪನಿಯ 1851ರ ನೇವಿ ರಿವಾಲ್ವರಿನ ಏಳೂವರೆ ಇಂಚಿನ ಎಂಟು ಮೂಲೆಯ ನಳಿಗೆಗೆ ಇದು ಚೆಂದ. 1870ರ ದಶಕದಲ್ಲಿ ಹೆಚ್ಚು ಕಾಣಿಸಿಕೊಂಡದ್ದು ಮೆಕ್ಸಿಕನ್ ಲೂಪ್. ಇದರಲ್ಲಿ ಒರೆಯ ಹಿಂಬದಿಯ ಚರ್ಮ ಅಗಲವಾಗಿರುತ್ತದೆ. ಅದನ್ನು ಹಿಂದಕ್ಕೆ ಮಡಚಿ, ಅದರಲ್ಲೇ ಸೀಳಿದ ಪಟ್ಟಿಗಳೊಳಗೆ ಒರೆಯನ್ನು ತೂರಿಸುತ್ತಾರೆ. ಆ ಮಡಿಕೆಯೊಳಗೇ ಬೆಲ್ಟ್ ಹಾದುಹೋಗುತ್ತದೆ.

ಮೊದಲ ಸಲ ಮಾಡುವವರು ಮೆಕ್ಸಿಕನ್ ಲೂಪನ್ನೇ ಮಾಡಿ. ಬೆಲ್ಟಿಗೆಂದು ಬೇರೆ ಪಟ್ಟಿ ಹೊಲಿಯುವ ಕೆಲಸ ತಪ್ಪುತ್ತದೆ. ಇಲ್ಲಿ ಅಳತೆಗೆ 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯ ಪ್ರತಿಕೃತಿಯನ್ನು ಇಟ್ಟುಕೊಳ್ಳೋಣ.

ಚರ್ಮ

ತೊಗಟೆ, ಎಲೆಗಳ ಒಗರಿನಲ್ಲಿ ಹದ ಮಾಡಿದ ದನದ ಚರ್ಮವೇ ಬೇಕು. ದಪ್ಪ ಮೂರರಿಂದ ಮೂರೂವರೆ ಮಿಲಿಮೀಟರ್. ಕ್ರೋಮ್ ಹಾಕಿ ಹದ ಮಾಡಿದ ಚರ್ಮ ಮೆತ್ತಗೆ, ಅಗ್ಗ. ಆದರೆ ಒದ್ದೆ ಮಾಡಿ ಒತ್ತಿದ ಆಕಾರ ಅದರಲ್ಲಿ ನಿಲ್ಲುವುದಿಲ್ಲ. ಎಲ್ಲ ಗನ್ನಿಗೂ ಆಗುತ್ತದೆ ಅಂತ ಕತ್ತರಿಸಿ ಮಾರುವ ರೆಡಿ ಕಿಟ್‌ಗಳನ್ನೂ ಕೊಳ್ಳಬೇಡಿ. ಎಲ್ಲದಕ್ಕೂ ಆಗುವ ಒರೆ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಕಾಗದದ ನಮೂನೆ

ಶುರು ಮಾಡುವ ಮೊದಲು ಗನ್ ಖಾಲಿಯಿದೆಯೇ ನೋಡಿ. ಗುಂಡು ತುಂಬುವ ಸಿಲಿಂಡರ್ ತಿರುಗಿಸಿ ಆರೂ ಮನೆಗಳನ್ನು ಕಣ್ಣಾರೆ ನೋಡಬೇಕು. ಇನ್ನೂ ಒಳ್ಳೆಯದೆಂದರೆ ಅದೇ ಅಳತೆಯ ಪ್ಲಾಸ್ಟಿಕ್ ಡಮ್ಮಿ ಬಳಸುವುದು. ಅದು ತುಕ್ಕೂ ಹಿಡಿಯುವುದಿಲ್ಲ.

ಗನ್ನನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಈ ಕೋಲ್ಟಿನ ಸಿಲಿಂಡರ್ ಸುಮಾರು 42 ಮಿಲಿಮೀಟರ್ ದಪ್ಪ, ನಳಿಗೆ ಅದರ ಅರ್ಧವೂ ಇಲ್ಲ. ಚರ್ಮ ಆ ಉಬ್ಬನ್ನು ಸುತ್ತಿಕೊಂಡು ಬರಬೇಕು ಅಲ್ವಾ? ಹಾಗಾಗಿ ದಪ್ಪ ಕಾಗದವನ್ನು ನಳಿಗೆಯ ಮೇಲ್ಬದಿಗೆ ಮಡಚಿ ಗನ್ನಿಗೆ ಸುತ್ತಿ. ಟ್ರಿಗರ್ ಕಡೆ ಎರಡು ಅಂಚನ್ನೂ ಕೂಡಿಸಿ ಚಿವುಟಿ ಹಿಡಿದು, ಚಿವುಟಿದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯಿಂದ ಚರ್ಮದ ದಪ್ಪದಷ್ಟು ಹೊರಗೆ ಹೊಲಿಗೆ ಬರಬೇಕು, ಅಂದರೆ ಸುಮಾರು 3 ಮಿಲಿಮೀಟರ್. ಅಲ್ಲಿಂದ ಮುಂದೆ ಅಂಚಿಗೆ 6 ಮಿಲಿಮೀಟರ್ ಬಿಡಿ.

ಹಿಂದಕ್ಕೆ ಮಡಚುವ ಅಗಲದ ಭಾಗವನ್ನೂ ಸೇರಿಸಿಕೊಂಡು ಅದೇ ನಮೂನೆಯಲ್ಲಿ ಚರ್ಮ ಕತ್ತರಿಸಿ. ಹೊಸ ಬ್ಲೇಡ್ ಹಾಕಿಕೊಳ್ಳಿ, ಅಷ್ಟೆ.

ಹೊಲಿಗೆ

ಎರಡು ಅಂಚುಗಳ ನಡುವೆ ಚರ್ಮದ ಸಣ್ಣ ಪಟ್ಟಿಯೊಂದನ್ನು ಇಟ್ಟು ಅಂಟಿಸಿ. ಇದನ್ನು ವೆಲ್ಟ್ ಅನ್ನುತ್ತಾರೆ. ಸಮಯ ಉಳಿಸಲು ಇದನ್ನು ಬಿಟ್ಟುಬಿಡುವ ಅಡ್ಡದಾರಿ ಬೇಡ. ವೆಲ್ಟ್ ಇಲ್ಲದಿದ್ದರೆ ಟ್ರಿಗರಿನ ಬಳೆ ಪ್ರತಿ ಸಲವೂ ದಾರಕ್ಕೇ ಉಜ್ಜುತ್ತದೆ. ಅಂಟು ಹಚ್ಚುವ ಕಡೆ ಚರ್ಮದ ನುಣುಪು ಮುಖವನ್ನು ಮರಳು ಕಾಗದದಿಂದ ಒರಟು ಮಾಡಿಕೊಳ್ಳಿ.

ಮೇಣ ಹಚ್ಚಿದ ಲಿನನ್ ದಾರ, ಅದರ ಎರಡೂ ತುದಿಗೆ ಒಂದೊಂದು ಸೂಜಿ. ದಾರದ ಉದ್ದ ಹೊಲಿಗೆಯ ನಾಲ್ಕು ಪಟ್ಟು, ಮೇಲೆ ಸ್ವಲ್ಪ. ತೂತುಗಳ ನಡುವೆ 4 ಮಿಲಿಮೀಟರ್ ಅಂತರ. ಪ್ರತಿ ತೂತಿನಲ್ಲೂ ಎರಡೂ ಸೂಜಿಗಳು ಎದುರುಬದುರಾಗಿ ಹಾದುಹೋಗಬೇಕು. ಯಾವ ಕಡೆಯ ಸೂಜಿ ಮೊದಲು ಅಂತ ನಿರ್ಧರಿಸಿದ ಮೇಲೆ ಕೊನೆಯ ತನಕ ಅದನ್ನು ಬದಲಿಸಬೇಡಿ. ಇಲ್ಲದಿದ್ದರೆ ಸಾಲು ಸೊಟ್ಟಗಾಗುತ್ತದೆ. ಈ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದುಕೊಂಡಿರುತ್ತದೆ.

ಒದ್ದೆ ಮಾಡಿ ಆಕಾರ ಕೊಡುವುದು

ಮೊದಲು ಉಂಗುರ, ಕೈಗಡಿಯಾರ ತೆಗೆದಿಡಿ. ಉಗುರು ಕತ್ತರಿಸಿಕೊಳ್ಳಿ. ಒದ್ದೆ ಚರ್ಮದ ಮೇಲೆ ಉಗುರು ತಾಗಿದ ಗುರುತು ಮತ್ತೆ ಹೋಗುವುದಿಲ್ಲ.

ಆಮೇಲೆ ಗನ್ ಸಿದ್ಧ ಮಾಡಿ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಮೊನೆ ಇರುತ್ತದಲ್ಲ, ಒರೆಯಿಂದ ಎಳೆಯುವಾಗ ಅದು ಉದ್ದಕ್ಕೂ ಚರ್ಮವನ್ನು ಗೀರುತ್ತದೆ. ಅದಕ್ಕೆ ದಾರಿ ಬೇಕು. ಆ ಮೊನೆಯಷ್ಟೇ ಎತ್ತರದ ಮರದ ಕಡ್ಡಿಯೊಂದನ್ನು ನಳಿಗೆಯ ಮೇಲೆ ಉದ್ದಕ್ಕೂ ಟೇಪ್ ಹಾಕಿ ಕೂರಿಸಿ. ನಂತರ ಇಡೀ ಗನ್ನಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿ. ಇದು ಬರೀ ತುಕ್ಕು ತಡೆಯಲು ಅಲ್ಲ. ಚರ್ಮದೊಳಗಿನ ಒಗರು, ಅಂದರೆ ಟ್ಯಾನಿನ್, ಒದ್ದೆಯಿದ್ದಾಗ ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಕಲೆಯಾಗುತ್ತದೆ. ಹಳೆಯ ಕಾಲದಲ್ಲಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಕಬ್ಬಿಣದ ಕ್ಲಿಪ್, ಮೊಳೆ ಯಾವುದನ್ನೂ ಈ ಹಂತದಲ್ಲಿ ಹತ್ತಿರ ತರಬೇಡಿ.

ಈಗ ನೀರು. ಉಗುರುಬೆಚ್ಚಗಿರಲಿ, ಬಿಸಿ ಬೇಡ. ಒರೆಯನ್ನು ಮುಳುಗಿಸಿದರೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ಕಡಿಮೆಯಾಗುತ್ತಿದ್ದಂತೆ ಹೊರಗೆ ತೆಗೆಯಿರಿ. ಒಂದು ನಿಮಿಷವೂ ಬೇಕಾಗುವುದಿಲ್ಲ. ತೆಗೆದ ಕೂಡಲೇ ಗನ್ ಹಾಕಬೇಡಿ, ಕಾಯಿರಿ. ನೀರು ಕುಡಿದ ಚರ್ಮ ಕಂದಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ಬಣ್ಣ ತಿಳಿಯಾಗುತ್ತಾ ಬರುತ್ತದೆ, ಆದರೆ ಕೆನ್ನೆಗೆ ಇಟ್ಟರೆ ಇನ್ನೂ ತಣ್ಣಗೆ ಅನಿಸುತ್ತದೆ. ಅದೇ ಹದ. ಒತ್ತಿದಾಗ ನೀರು ಜಿನುಗಿದರೆ ಇನ್ನೂ ಕಾಯಬೇಕು. ಒತ್ತಿದ ಗುರುತು ಹಾಗೇ ನಿಂತರೆ ಶುರು ಮಾಡಬಹುದು. ಜಾಸ್ತಿ ಒದ್ದೆಯಿದ್ದರೆ ಆಕಾರ ನಿಲ್ಲುವುದಿಲ್ಲ, ಒಣಗಿದ ಮೇಲೆ ಮುರುಟುವುದೂ ಹೆಚ್ಚು.

ಗನ್ ಒಳಗೆ ತಳ್ಳಿ, ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಒತ್ತುತ್ತಾ ಬನ್ನಿ. ಮೊದಲು ಸಿಲಿಂಡರಿನ ಉಬ್ಬು, ಆಮೇಲೆ ಅದರ ಮುಂದಿನ ತಗ್ಗು, ಕೊನೆಗೆ ನಳಿಗೆ. ಬಲಬದಿಗೆ ನಳಿಗೆಗೆ ಅಂಟಿಕೊಂಡಂತೆ ಖಾಲಿ ತೋಟೆ ಹೊರತಳ್ಳುವ ಎಜೆಕ್ಟರ್ ರಾಡಿನ ಕೊಳವೆ ಇದೆ. ಅದರ ಅಂಚನ್ನು ನುಣುಪಾದ ಮರದ ತುಂಡಿನಿಂದ ಹಗುರಾಗಿ ತೀಡಿದರೆ ಸಾಕು.

ಇಲ್ಲಿ ನನ್ನ ಮಾತು ಖಡಾಖಂಡಿತ: ಎಲ್ಲ ಮೂಲೆಯನ್ನೂ ಕೆತ್ತಿದ ಹಾಗೆ ತೀಡಬೇಡಿ. ಅದು ಇವತ್ತಿನ ಪಿಸ್ತೂಲಿನ ಒರೆಗಳ ಶೈಲಿ. ಹಳೆಯ ಒರೆಗಳಲ್ಲಿ ಗನ್ನಿನ ಮೈಕಟ್ಟು ಮಸುಕಾಗಿ ಕಾಣುತ್ತದೆ, ಚೆಂದ ಇರುವುದೂ ಅದೇ. ಟ್ರಿಗರ್ ಬಳೆಯೊಳಗೆ ಚರ್ಮವನ್ನು ಆಳವಾಗಿ ಒತ್ತಿದರಂತೂ ಗನ್ ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತದೆ.

ಆಕಾರ ಬಂದ ಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ. ಬಿಸಿಲು, ಓವನ್, ಡ್ರೈಯರ್ ಯಾವುದೂ ಬೇಡ. ಒದ್ದೆ ಚರ್ಮ ಕಾವಿಗೆ ಕುಗ್ಗಿ, ಸೆಡೆತು, ಬಿರುಕು ಬಿಡುತ್ತದೆ. ಆಕಾರ ತಾನಾಗಿ ನಿಲ್ಲುವಷ್ಟು ಗಟ್ಟಿಯಾದಾಗ ಗನ್ ಹೊರಗೆ ತೆಗೆದು ಒಳಗೂ ಗಾಳಿ ಆಡಲು ಬಿಡಿ. ಒಂದು ಹಗಲು ಒಂದು ರಾತ್ರಿಯಾದರೂ ಬೇಕು. ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು.

ಅಂಚು, ಎಣ್ಣೆ, ಬಣ್ಣ

ಅಂಚಿನ ಮೂಲೆಗಳನ್ನು ಹೆರೆದು, ತುಸು ನೀರು ಹಚ್ಚಿ, ಹೊಳಪು ಬರುವ ತನಕ ಮರದಿಂದ ಉಜ್ಜಿ. ಅಂಚಿಗೆ ಬಳಿಯುವ ಪ್ಲಾಸ್ಟಿಕ್ ಬಣ್ಣಗಳು ಸುಲಭ ನಿಜ, ಆದರೆ ಸಿಪ್ಪೆಯಂತೆ ಏಳುತ್ತವೆ.

ನೀಟ್ಸ್‌ಫುಟ್ ಎಣ್ಣೆಯನ್ನು, ಅಂದರೆ ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆಯನ್ನು, ಬಟ್ಟೆಯಲ್ಲಿ ತೆಳುವಾಗಿ ಒಂದು ಸಲ ಸವರಿ. ಸುರಿದರೆ ಚರ್ಮ ಮೆತ್ತಗಾಗಿ, ಅಷ್ಟು ಕಷ್ಟಪಟ್ಟು ಕೂರಿಸಿದ ಆಕಾರ ಸಡಿಲಾಗುತ್ತದೆ. ನನ್ನ ಕೇಳಿದರೆ ಬಣ್ಣವೇ ಬೇಡ. ಎಣ್ಣೆ ಕುಡಿದ ಚರ್ಮ ಬೆಳಕಿಗೆ ತಾನೇ ಕಂದಾಗುತ್ತಾ ಹೋಗುತ್ತದೆ. ಕಪ್ಪೇ ಬೇಕೆನ್ನುವವರು ಎಣ್ಣೆಗೆ ಮೊದಲು ಹಳೆಯ ವಿಧಾನ ಬಳಸಲಿ: ವಿನೆಗರ್‌ನಲ್ಲಿ ಕಬ್ಬಿಣದ ನಾರನ್ನು ಕೆಲವು ದಿನ ನೆನೆಸಿ, ಸೋಸಿ ಹಚ್ಚುವುದು. ಪಾತ್ರೆಯ ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಇಲ್ಲೂ ಒಗರಿಗೂ ಕಬ್ಬಿಣಕ್ಕೂ ಆಗುವ ಅದೇ ಕ್ರಿಯೆ. ಬಣ್ಣ ಚರ್ಮದೊಳಗೇ ಹುಟ್ಟುವುದರಿಂದ ಬಟ್ಟೆಗೆ ಅಂಟುವುದೂ ಕಡಿಮೆ.

ಮುಗಿದ ಒರೆ ಸ್ವಲ್ಪ ಬಿಗಿ ಅನಿಸಿದರೆ ಗಾಬರಿ ಬೇಡ, ಮತ್ತೆ ಎಣ್ಣೆಯೂ ಬೇಡ. ಗನ್ನಿಗೆ ಮೇಣದ ಕಾಗದ ಸುತ್ತಿ ಒಂದು ರಾತ್ರಿ ಒಳಗಿಟ್ಟರೆ ಬೇಕಾದಷ್ಟು ಸಡಿಲವಾಗುತ್ತದೆ. ಬೆಳಿಗ್ಗೆ ತೆಗೆದುಬಿಡಿ. ಒರೆಯೊಳಗೆ ಗನ್ನನ್ನು ತಿಂಗಳುಗಟ್ಟಲೆ ಇಟ್ಟರೆ ಉಕ್ಕಿಗೆ ತುಕ್ಕು ಬರುತ್ತದೆ, ನೇವಿ ಮಾದರಿಯ ಹಿತ್ತಾಳೆ ಭಾಗಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಗನ್ನನ್ನೂ ಒರೆಯನ್ನೂ ಬೇರೆ ಬೇರೆ ಕಡೆ ಇಡಿ.