ಕಳೆಗೇ ಗೊಬ್ಬರ ಹಾಕಿ ಸಾಲ್ವೀನಿಯಾ ಇಳಿಸಿದ್ದು

ಸಾಲ್ವೀನಿಯಾ ಅಂದರೆ ನೀರಿನ ಮೇಲೆ ಹಾಸಿನಂತೆ ತೇಲಿ ಬೆಳೆಯುವ ಕಳೆ. ಅದನ್ನು ತಿಂದು ಮುಗಿಸಲಿ ಅಂತ ಮೂತಿಹುಳ (ಉದ್ದ ಮೂತಿಯ ಪುಟ್ಟ ಜೀರುಂಡೆ) ಬಿಟ್ಟವರು ತುಂಬ ಜನ ಇದ್ದಾರೆ. ಬಿಟ್ಟು ಬೇಸತ್ತವರೂ ಕಡಿಮೆ ಇಲ್ಲ. "ನಮ್ಮ ನೀರಲ್ಲಿ ಹುಳ ನಿಲ್ಲೋದಿಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮಲ್ಲೂ ಮೊದಲು ನಿಲ್ಲಲಿಲ್ಲ. ಈಗ ನಿಂತಿದೆ. ಸುಮಾರು 8 ಹೆಕ್ಟೇರ್ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಯಲಾಗಿದೆ. ಕಳೆಗೆ ಯೂರಿಯಾ ಹಾಕ್ತೀನಿ ಅಂದಾಗ ನಕ್ಕವರೇ ಈಗ ಹುಳ ಕೇಳಿಕೊಂಡು ಬರುತ್ತಾರೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಹಾಸು ದಪ್ಪಗಾಗಿ, ಎಲೆ ಮಡಚಿ ನಿಂತ ಹಂತದಲ್ಲಿ ಹೆಕ್ಟೇರಿಗೆ 80 ಟನ್ ಆಸುಪಾಸು ತೂಗುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ಬರೀ ನೀರು. ಅಂದರೆ ಹುಳಕ್ಕೂ ಮೊದಲು ಕಳೆ ಎತ್ತಿಸಲು ಕೂಲಿ ಕೊಟ್ಟು, ಡೀಸೆಲ್ ಸುಟ್ಟು ನಾವು ಸಾಗಿಸಿದ್ದು ನೀರನ್ನೇ. ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಗಣೆಗೇ ಹೋಯಿತು. ಕಳೆ ಎತ್ತುವ ಬಾಡಿಗೆ ಯಂತ್ರ ಇನ್ನೂ ದುಬಾರಿ. ಅದು ಎತ್ತಿದ್ದಕ್ಕಿಂತ ತುಂಡು ಮಾಡಿದ್ದೇ ಹೆಚ್ಚು. ಈ ಗಿಡಕ್ಕೆ ಬೀಜದ ಹಂಗಿಲ್ಲ, ಒಂದು ಗೆಣ್ಣು ಉಳಿದರೆ ಸಾಕು. ಬಿಸಿಲು ಚೆನ್ನಾಗಿದ್ದರೆ ವಾರದೊಳಗೇ ಇಮ್ಮಡಿ. ಯಂತ್ರದವರು ಬಿಲ್ ಕೊಡುವ ಹೊತ್ತಿಗೆ ಅವರು ಶುರು ಮಾಡಿದ ಮೂಲೆ ಮತ್ತೆ ಹಸಿರಾಗಿತ್ತು!

ಕಳೆನಾಶಕದ ಕತೆ ಚಿಕ್ಕದು. ಎಲೆ ಮೇಲಿನ ರೋಮ ಗಾಳಿ ಹಿಡಿದುಕೊಂಡು ಹನಿಯನ್ನು ಜಾರಿಸಿಬಿಡುತ್ತದೆ. ಅಂಟು ಬೆರೆಸಿ ಹೊಡೆದಾಗ ಹಾಸು ಸತ್ತಿತು, ಒಟ್ಟಿಗೇ ಮುಳುಗಿತು, ಒಟ್ಟಿಗೇ ಕೊಳೆಯಿತು. ಹಾಸಿನ ಕೆಳಗೆ ಆಮ್ಲಜನಕ ಮೊದಲೇ ಲೀಟರಿಗೆ 1 ಮಿಲಿಗ್ರಾಂ ಮುಟ್ಟುತ್ತಿರಲಿಲ್ಲ. ಇದ್ದಷ್ಟೂ ಹೋಗಿ, ದಡದ ಕಡೆ ಉಳಿದಿದ್ದ ಮೀನು ತೇಲಿದವು. ಆಮೇಲೆ ಆ ದಾರಿ ಬಿಟ್ಟೆವು.

ಮೂತಿಹುಳದ ಮೇಲೆ ನನಗೆ ನಂಬಿಕೆ ಇತ್ತು, ಯಾಕೆಂದರೆ ಹಳೇ ದಾಖಲೆ ಗಟ್ಟಿಯಾಗಿದೆ. ಆಸ್ಟ್ರೇಲಿಯಾದ ಮೂಂಡಾರಾ ಸರೋವರದಲ್ಲಿ 1980ರಲ್ಲಿ ಬಿಟ್ಟರು. ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಕಳೆ ಮುಗಿಯಿತು. ಆದರೆ ನಮ್ಮ ಮೊದಲ ಕಂತಿನ ಹುಳ ಒಂದೆರಡು ತಿಂಗಳಲ್ಲೇ ಕಾಣೆ. ಎರಡನೇ ಕಂತೂ ಹಾಗೇ. ಹುಳ ಕಳಿಸಿದವರು ಬಿಸಿಲಿನ ಮೇಲೆ ತಪ್ಪು ಹಾಕಿದರು, ಹಣ ಕೊಟ್ಟವರು ನನ್ನ ಮೇಲೆ. ನನಗೆ ಅನುಮಾನ ಬಂದಿದ್ದು ಎಲೆಯ ಬಣ್ಣದ ಮೇಲೆ. ಎಲ್ಲೆಲ್ಲೂ ಹಳದಿ ತಿರುಗಿದ, ಬಡಕಲು ಎಲೆ. ಸಾರಜನಕ ಇಲ್ಲದ ಗಿಡ ತಿಂದು ಹೆಣ್ಣುಹುಳ ಮೊಟ್ಟೆ ಇಡುವುದಾದರೂ ಹೇಗೆ?

ಪಪುವಾ ನ್ಯೂಗಿನಿಯ ಸೆಪಿಕ್ ನದಿ ಬಯಲಿನಲ್ಲೂ ಇದೇ ಆಗಿತ್ತು. 1982ರ ಸುಮಾರಿಗೆ ಬಿಟ್ಟ ಹುಳ ಮೊದಲು ನೆಲೆ ಊರಲಿಲ್ಲ. ಸಾರಜನಕದ ಗೊಬ್ಬರವಾದ ಯೂರಿಯಾ ಕೊಟ್ಟ ಕಡೆ ಊರಿತು. ಹುಳ ಒಮ್ಮೆ ಜಾಸ್ತಿಯಾಗಿ ಗಿಡವನ್ನು ಕೊರೆಯಲು ಶುರು ಮಾಡಿದರೆ, ಉಳಿದ ಸುಳಿಗಳಲ್ಲಿ ಸಾರಜನಕ ತಾನಾಗಿ ಏರುತ್ತದೆ. ಆಮೇಲೆ ಗೊಬ್ಬರ ಬೇಡ. ಆ ಮೊದಲ ತಳ್ಳಾಟ ಒಂದು ಕೊಡಬೇಕು, ಅಷ್ಟೇ.

ಕೆರೆಗೆಲ್ಲ ಯೂರಿಯಾ ಸುರಿಯಲು ಹೋಗಬೇಡಿ, ಪಾಚಿ ಎದ್ದು ಇನ್ನೊಂದು ತಲೆನೋವು. ಪ್ಲಾಸ್ಟಿಕ್ ಪೈಪಿನ ಚೌಕಟ್ಟು ಮಾಡಿ, ಸುತ್ತ ಬಲೆ ಕಟ್ಟಿ, ನೀರಿನ ಮೇಲೇ ತೇಲಿಬಿಟ್ಟೆವು. ಒಂದೊಂದೂ ಮೂರ್ನಾಲ್ಕು ಮೀಟರ್ ಅಗಲ. ಗೊಬ್ಬರ ಅದರೊಳಗೆ ಮಾತ್ರ, ಸ್ವಲ್ಪ ಸ್ವಲ್ಪವೇ. ಎಲೆ ಕಡುಹಸಿರಾದ ಮೇಲೆ ಹುಳ. ಪ್ರಮಾಣ ಎಷ್ಟು, ಯಾವ ಹೊತ್ತಿನಲ್ಲಿ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಚೌಕಟ್ಟನ್ನು ಯಾವಾಗ ಬಿಚ್ಚಬೇಕು ಅನ್ನುವುದೂ ಅಷ್ಟೇ, ಅದರಲ್ಲೇ ಅರ್ಧ ಗುಟ್ಟು ಇದೆ. ಬೇಗ ಬಿಚ್ಚಿದರೆ ಹುಳ ಚದುರಿ ಹೋಗುತ್ತದೆ ಅಂತ ಮಾತ್ರ ಹೇಳುತ್ತೇನೆ.

ಮೊಟ್ಟೆಯಿಂದ ಹುಳವಾಗಲು ಒಂದೂವರೆ ತಿಂಗಳು ಹಿಡಿಯುತ್ತದೆ. ನೀರು 20 ಡಿಗ್ರಿಗಿಂತ ಕೆಳಗೆ ಹೋದರೆ ಮೊಟ್ಟೆ ಇಡುವುದೇ ನಿಲ್ಲುತ್ತದೆ. ಹಾಗಾಗಿ ಚಳಿಗಾಲದ ಮುಂದೆ ಶುರು ಮಾಡಿದರೆ ಬೈಸಿಕೊಳ್ಳುವುದು ಗ್ಯಾರಂಟಿ. ನಮಗೆ ಮೊದಲ ಕಂದು ತೇಪೆ ಕಂಡಿದ್ದು ಮೂರನೇ ತಿಂಗಳಲ್ಲಿ. ಅಲ್ಲಿಯವರೆಗೆ ಹಾಸು ಇನ್ನೂ ಸೊಂಪಾಗಿ ಬೆಳೆಯುತ್ತಿತ್ತು, ನೋಡಿದವರೆಲ್ಲ ತಲೆ ಚಚ್ಚಿಕೊಂಡರು. ಆಮೇಲೆ ವೇಗ ನೋಡಬೇಕಿತ್ತು! ಇಡೀ ಯೂರಿಯಾ ಖರ್ಚು ಯಂತ್ರದ ಅರ್ಧ ದಿನದ ಬಾಡಿಗೆಯೂ ಆಗಲಿಲ್ಲ. ಲೆಕ್ಕ ನೋಡುವವರು ಒಂದು ಸೊನ್ನೆ ಬಿಟ್ಟುಹೋಗಿದೆಯಾ ಅಂತ ಕೇಳಿದರು. ಖರ್ಚಾಗಿದ್ದು ಪೈಪು, ಬಲೆ ಮತ್ತು ಕಾವಲಿಗೆ.

ನಡುವೆ ಸುಮ್ನೆ ಕುತೂಹಲಕ್ಕೆ ಕೆಲವು ಆಟ ಆಡಿದೆ. ಟಬ್ಬಿನಲ್ಲಿ ಬೇರೆ ತೇಲುಗಿಡಗಳಾದ ಅಂತರಗಂಗೆ, ಅಜೋಲ್ಲ ಹಾಕಿ ಹುಳ ಬಿಟ್ಟೆ. ಮುಟ್ಟಲಿಲ್ಲ, ಉಪವಾಸ ಸತ್ತವು. ಅದಕ್ಕೆ ಸಾಲ್ವೀನಿಯಾನೇ ಬೇಕು. ಒಂದು ಮೂಲೆಗೆ ಕಪ್ಪು ಹಾಳೆ ಹೊದಿಸಿದೆ. ಕಳೆ ಸತ್ತಿತು, ಆದರೆ ಗಾಳಿಗೆ ಹಾಳೆ ಕಿತ್ತು ಹೋಯಿತು, ಅದರ ದುಡ್ಡೂ ಹೋಯಿತು. ಗೊಬ್ಬರದ ಗುಂಡಿಯನ್ನೂ ತುಂಬಿಸಿ ನೋಡಿದೆ. ಬೆಟ್ಟದಷ್ಟು ಹಾಕಿದ್ದು ಬುಟ್ಟಿಯಷ್ಟಾಯಿತು. ಹುಳದ ಎಣಿಕೆಗೆ ಮಾತ್ರ ಆಲಿಕೆಯ ಮೇಲೆ ಕಳೆ ಹರಡಿ ಬಲ್ಬು ಉರಿಸಿ, ಬಿಸಿಗೆ ಹುಳ ಕೆಳಗಿಳಿಯುವಂತೆ ಮಾಡುವ ಹಳೇ ವಿಧಾನವೇ ಸರಿ. ಹುಳ 2 ಮಿಲಿಮೀಟರ್ ಇರುವುದು, ಕೈಯಲ್ಲಿ ಹುಡುಕುತ್ತಾ ಕೂತರೆ ಕಣ್ಣು ಹೋಗುತ್ತದೆ.

ಈಗ ಉಳಿದಿರುವ ಒಂದು ಪಾಲನ್ನೂ ಕಿತ್ತುಬಿಡಿ ಅಂತ ಒತ್ತಾಯ ಇದೆ. ನಾನು ಬಿಡುತ್ತಿಲ್ಲ. ಹುಳ ಇರುವುದೇ ಅಲ್ಲಿ. ಅದನ್ನು ತೆಗೆದರೆ ಮುಂದಿನ ಮಳೆಗೆ ಮೇಲಿನಿಂದ ತೇಲಿ ಬರುವ ತುಂಡುಗಳನ್ನು ತಿನ್ನುವವರು ಯಾರು? ಬಯಲಾದ ನೀರಿಗೆ ಅಂತರಗಂಗೆ ನುಗ್ಗದಂತೆ ಮಾತ್ರ ಕಣ್ಣಿಟ್ಟಿದ್ದೇವೆ, ಕಂಡ ಕೂಡಲೇ ಕೈಯಲ್ಲೇ ಎತ್ತುತ್ತೇವೆ.

ಹುಳ ಬೇಕಾದವರು ಬಿಸಿಲು ಬಲಿತ ಮೇಲೆ ಬನ್ನಿ, ಕಳೆ ಸಮೇತ ಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಗಿಡದ ಎಲೆ ಬಣ್ಣ ನೋಡಿಕೊಂಡು ಬನ್ನಿ. ಚೌಕಟ್ಟಿನ ಖರ್ಚು ನಿಮ್ಮದು.