ಕಾಮ್‌ಶೇತ್‌ನಲ್ಲಿ ಹಾರಲು ನಾನು ಗ್ಲೈಡರ್ ಆರಿಸಿದ್ದು ಹೀಗೆ

ಪ್ಯಾರಾಗ್ಲೈಡಿಂಗ್ ಕೋರ್ಸ್ ಮುಗಿಸಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಯಾವ ಗ್ಲೈಡರ್ ತಗೊಳ್ಳಲಿ?" ಗ್ಲೈಡರ್ ಅಂದರೆ ನಮ್ಮನ್ನು ಹೊತ್ತು ಹಾರುವ ಬಟ್ಟೆಯ ರೆಕ್ಕೆ. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಈಗ ಕಾಮ್‌ಶೇತ್‌ಗೆ ಜಾಸ್ತಿ ಬರುತ್ತಿದ್ದಾರೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯ ಹುಡುಗ ಹುಡುಗಿಯರು. ಟೇಕ್‌ಆಫ್‌ನಲ್ಲಿ (ಹಾರಲು ಶುರು ಮಾಡುವ ಜಾಗ) ಕನ್ನಡ ಕಿವಿಗೆ ಬಿದ್ದರೆ ಸಾಕು, ಹತ್ತಿರ ಬಂದು ಮಾತಾಡಿಸಿ ಇದನ್ನೇ ಕೇಳುತ್ತಾರೆ. ನಾನು ಹೇಗೆ ಆರಿಸಿದೆ, ಸುತ್ತಲಿನ ಪೈಲಟ್‌ಗಳು ಏನು ಹಾರಿಸುತ್ತಾರೆ, ಯಾಕೆ ಅದನ್ನೇ ಹಾರಿಸುತ್ತಾರೆ ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ. ಪುಣೆ–ಲೋಣಾವಳಾ ಲೋಕಲ್ ಹತ್ತಿ ಕಾಮ್‌ಶೇತ್‌ನಲ್ಲಿ ಇಳಿದರೆ ಸಹ್ಯಾದ್ರಿಯ ಗುಡ್ಡಗಳು ಕಣ್ಣೆದುರೇ ಇರುತ್ತವೆ. ಪವನಾ ಜಲಾಶಯದ ಕಡೆ ನಾವು ಹಾರುವ ಟವರ್ ಹಿಲ್ ಗುಡ್ಡ ಇದೆ. ಅಕ್ಟೋಬರ್‌ನಿಂದ ಮೇವರೆಗೆ ಹಾರಾಟದ ಕಾಲ. ಚಳಿಗಾಲದಲ್ಲಿ ಗಾಳಿ ಸೌಮ್ಯ, ಥರ್ಮಲ್‌ಗಳೂ (ನೆಲ ಕಾದು ಮೇಲೇರುವ ಬಿಸಿ ಗಾಳಿ) ಸಣ್ಣವು. ಮಾರ್ಚ್ ದಾಟಿತು ಅಂದರೆ ಮಧ್ಯಾಹ್ನದ ಮೇಲೆ ಕೊಂಕಣದ ಕಡೆಯಿಂದ ಸಮುದ್ರದ ಗಾಳಿ ಬಲವಾಗಿ ಏರಿ ಬರುತ್ತದೆ. ಸಾಮಾನ್ಯ ಗ್ಲೈಡರ್ ಒಂದರ ಸಹಜ ವೇಗ ಗಂಟೆಗೆ 36ರಿಂದ 39 ಕಿ.ಮೀ. ಎದುರು ಗಾಳಿಯೇ 28 ಇದ್ದರೆ ಮುಂದೆ ಹೋಗಲು ಉಳಿಯುವುದು ಹತ್ತರಷ್ಟು ಮಾತ್ರ. ಹಾಗಾಗಿ ಇಲ್ಲಿ ಹಾರುವವರಿಗೆ ವೇಗ ಮತ್ತು ತೂಕದ ಲೆಕ್ಕ ತುಂಬಾ ಮುಖ್ಯ. ಯಾವುದೋ ದೇಶದ ಪೈಲಟ್ ಹೊಗಳಿದ ಅಂತ ಒಂದು ರೆಕ್ಕೆ ತಂದು ನಮ್ಮ ಗುಡ್ಡದ ಮೇಲೆ ಬಿಚ್ಚಿದರೆ ಅದು ಇಲ್ಲಿಗೆ ಹೊಂದಲೇಬೇಕು ಅಂತಿಲ್ಲ.

ಬೆಳಗಾವಿಯ ಹಿರಿಯರೊಬ್ಬರು ಇಲ್ಲಿ ಬಹಳ ವರ್ಷಗಳಿಂದ ಹಾರುತ್ತಾರೆ. ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಒಂದಷ್ಟು ಮಾಡೆಲ್‌ಗಳ ಹೆಸರು ಬರೆದುಕೊಂಡು ಅವರ ಬಳಿ ಹೋದಾಗ ಅವರು ಚೀಟಿ ನೋಡಲೇ ಇಲ್ಲ.

"ತಮ್ಮಾ, ಹೆಸರು ಆಮ್ಯಾಲೆ ಹೇಳು. ಮೊದ್ಲ ನಿನ್ನ ತೂಕ ಎಷ್ಟದ?"

"ಎಪ್ಪತ್ತೆರಡು, ಕಾಕಾ."

"ಅದು ನಿನ್ನ ಮೈತೂಕ. ಎಲ್ಲಾ ಸಾಮಾನು ಬೆನ್ನಿಗೆ ಹಾಕ್ಕೊಂಡು ತಕ್ಕಡಿ ಮ್ಯಾಲೆ ನಿಂತು ನೋಡಿಯೇನು?"

ಅದೇ ಸರಿಯಾದ ಶುರು. ಮನೆ ಹತ್ತಿರದ ರದ್ದಿ ಅಂಗಡಿಯ ದೊಡ್ಡ ತಕ್ಕಡಿ ಮೇಲೆ ಬ್ಯಾಗ್ ಹೊತ್ತು, ಶೂ ಹಾಕಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತೆ. ಗ್ಲೈಡರ್ ಐದು ಕಿಲೋ. ಹಾರ್ನೆಸ್ (ಕೂತು ಹಾರುವ ಪಟ್ಟಿಗಳ ಆಸನ) ಮತ್ತು ರಿಸರ್ವ್ ಪ್ಯಾರಾಶೂಟ್ ಸೇರಿ ಆರು. ವೇರಿಯೋ (ಏರುತ್ತಿದ್ದೇವಾ ಇಳಿಯುತ್ತಿದ್ದೇವಾ ಅಂತ ತೋರಿಸುವ ಯಂತ್ರ), ರೇಡಿಯೋ, ಜಾಕೆಟ್, ನೀರು ಎಲ್ಲ ಸೇರಿ ಇನ್ನೊಂದಿಷ್ಟು. ಒಟ್ಟು 88 ಬಂತು. ಗ್ಲೈಡರ್ ಸೈಜ್ ನಿಲ್ಲುವುದು ಈ ಸಂಖ್ಯೆಯ ಮೇಲೆ. ಒಂದು ಸೈಜ್ 65ರಿಂದ 85 ಕಿಲೋಗೆ, ಮುಂದಿನದು 75ರಿಂದ 95ಕ್ಕೆ, ಅದರ ಮುಂದಿನದು 85ರಿಂದ 105ಕ್ಕೆ ಅಂತ ಇದ್ದರೆ ನನಗೆ ನಡುವಿನದೇ ಸರಿ. ಮೂರನೆಯದಕ್ಕೂ ಲೆಕ್ಕದ ಪ್ರಕಾರ ಬರುತ್ತೇನೆ, ಆದರೆ ಅದರ ತಳದಲ್ಲಿ ಇರುತ್ತೇನೆ. ತಳದಲ್ಲಿ ಹಾರಿದರೆ ಸಣ್ಣ ಥರ್ಮಲ್‌ನಲ್ಲೂ ತೇಲಬಹುದು ನಿಜ. ಆದರೆ ವೇಗ ಕಡಿಮೆಯಾಗುತ್ತದೆ, ರೆಕ್ಕೆ ಮೆತ್ತಗಾಗುತ್ತದೆ, ಏಪ್ರಿಲ್ ಮಧ್ಯಾಹ್ನದ ಗಾಳಿಯಲ್ಲಿ ಗುಡ್ಡದ ಹಿಂದಕ್ಕೆ ತಳ್ಳಿಸಿಕೊಳ್ಳುವ ಭಯ ಜಾಸ್ತಿ. ಕಾಮ್‌ಶೇತ್‌ಗೆ ತೂಕದ ಮಿತಿಯ ಮೇಲಿನ ಅರ್ಧದಲ್ಲಿ ಇರುವುದೇ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ದರ್ಜೆ. ಯುರೋಪಿನ ಇಎನ್ ಮಾನದಂಡದಲ್ಲಿ ಗ್ಲೈಡರ್‌ಗಳಿಗೆ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಟೆಸ್ಟ್ ಪೈಲಟ್‌ಗಳು ಪ್ರತಿ ಸೈಜನ್ನೂ ಕನಿಷ್ಠ ತೂಕದಲ್ಲಿ ಒಮ್ಮೆ, ಗರಿಷ್ಠ ತೂಕದಲ್ಲಿ ಒಮ್ಮೆ ಹಾರಿಸುತ್ತಾರೆ. ರೆಕ್ಕೆಯ ಒಂದು ಬದಿ ಮಡಚಿಸಿ, ಮುಂಭಾಗ ಮಡಚಿಸಿ, ಸ್ಪೈರಲ್‌ಗೆ (ಸುರುಳಿಯಾಗಿ ಸುತ್ತುತ್ತಾ ಇಳಿಯುವುದು) ಹಾಕಿ ಅದು ಹೇಗೆ ಚೇತರಿಸಿಕೊಳ್ಳುತ್ತದೆ ಅಂತ ನೋಡುತ್ತಾರೆ. ಎ ದರ್ಜೆಯದು ಪೈಲಟ್‌ನ ತಪ್ಪನ್ನು ಬಹಳಷ್ಟು ತಾನೇ ನುಂಗಿಕೊಳ್ಳುತ್ತದೆ. ಡಿ ದರ್ಜೆಯದಕ್ಕೆ ಪೈಲಟ್ ಕೈ ಸದಾ ಚುರುಕಾಗಿರಬೇಕು. ಇದರಾಚೆ ಸ್ಪರ್ಧೆಗೆಂದೇ ಸಿಸಿಸಿ ದರ್ಜೆ ಬೇರೆ ಇದೆ. ಪೈಲಟ್‌ಗಳು ಮಾತಾಡುವಾಗ ಬಿಯಲ್ಲೇ ಸುಲಭದ್ದಕ್ಕೆ "ಲೋ ಬಿ", ಚುರುಕಾದದ್ದಕ್ಕೆ "ಹೈ ಬಿ" ಅನ್ನುತ್ತಾರೆ. ಮಾನದಂಡದಲ್ಲಿ ಆ ಗೆರೆ ಇಲ್ಲ, ಅಲ್ಲಿರುವುದು ಬರೀ ಬಿ. ಆದರೆ ಹಾರಿದವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ರೆಕ್ಕೆ ಉದ್ದಕ್ಕೆ, ಕಿರಿದಾಗಿ ಆದಷ್ಟೂ ದೂರ ತೇಲುತ್ತದೆ, ಹಾಗೆಯೇ ತುಂಟತನವೂ ಹೆಚ್ಚುತ್ತದೆ.

ಯಾವ ಮಾಡೆಲ್‌ಗಳು ಜಾಸ್ತಿ ಕಾಣುತ್ತವೆ? ಕಲಿಯುವವರ ಮೈದಾನದಲ್ಲಿ ಓಝೋನ್ ಮೋಜೊ, ಗಿನ್ ಬೊಲೇರೊ, ಅಡ್ವಾನ್ಸ್ ಆಲ್ಫಾ, ನೋವಾ ಪ್ರಿಯಾನ್ ತರಹದವು. ಸ್ವಂತ ಗ್ಲೈಡರ್ ಕೊಂಡವರಲ್ಲಿ ಲೋ ಬಿ ಮಾಡೆಲ್‌ಗಳದ್ದೇ ಸಾಮ್ರಾಜ್ಯ. ಓಝೋನ್ ಬಜ್ ಜೆಡ್, ಅಡ್ವಾನ್ಸ್ ಎಪ್ಸಿಲಾನ್, ನೋವಾ ಅಯಾನ್, ಗಿನ್ ಅಟ್ಲಾಸ್, ನಿವಿಯುಕ್ ಹುಕ್. ದೂರ ಹಾರುವ ಹುಚ್ಚು ಹತ್ತಿದವರು ಹೈ ಬಿಗೆ ಹೋಗುತ್ತಾರೆ. ಓಝೋನ್ ರಷ್, ನೋವಾ ಮೆಂಟರ್, ಅಡ್ವಾನ್ಸ್ ಅಯೋಟಾ, ನಿವಿಯುಕ್ ಇಕುಮಾ, ಸ್ಕೈವಾಕ್ ಚಿಲಿ. ಸಿ ದರ್ಜೆಯ ಓಝೋನ್ ಡೆಲ್ಟಾ, ಅಡ್ವಾನ್ಸ್ ಸಿಗ್ಮಾ, ನಿವಿಯುಕ್ ಆರ್ಟಿಕ್ ಹಾರಿಸುವವರನ್ನು ನಮ್ಮ ಗುಡ್ಡದ ಮೇಲೆ ಬೆರಳಲ್ಲಿ ಎಣಿಸಬಹುದು. ಕಂಪನಿಗಳ ಹೆಸರಿನ ಸಾಲು ಒಮ್ಮೆ ತಲೆಗೆ ಹತ್ತಿದರೆ, ಮೇಲೆ ಹಾರುತ್ತಿರುವ ರೆಕ್ಕೆ ನೋಡಿದ ಕೂಡಲೇ ಆ ಪೈಲಟ್ ಯಾವ ಹಂತದಲ್ಲಿದ್ದಾನೆ ಅಂತ ಅಂದಾಜಾಗುತ್ತದೆ. ಒಂದೇ ಥರ್ಮಲ್‌ನಲ್ಲಿ ಸುತ್ತುವಾಗ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಮಾತಿನಲ್ಲಿ ಮಾತ್ರ ಬೇರೆಯೇ ಹೆಸರು ಓಡಾಡುತ್ತದೆ. ಚಹಾ ಕುಡಿಯುತ್ತಾ ಕೂತರೆ ಎಲ್ಲರೂ ಎಂಜೊ, ಝೀನೋ, ಬೂಮರಾಂಗ್ ಅನ್ನುವ ಮೇಲ್ದರ್ಜೆಯ ರೆಕ್ಕೆಗಳ ಬಗ್ಗೆಯೇ ಮಾತಾಡುವುದು. 2019ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಮೂವರು ಪೈಲಟ್‌ಗಳು ಒಟ್ಟಿಗೆ ಹಾರಿ 580 ಕಿ.ಮೀ. ದಾಟಿದ್ದು ಓಝೋನ್ ಎಂಜೊ 3ರಲ್ಲಿ. ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅದು ಸ್ಪರ್ಧೆಯ ರೆಕ್ಕೆ, ಅದನ್ನು ಹಾರಿಸುವವರು ವರ್ಷವಿಡೀ ಗಾಳಿಯಲ್ಲೇ ಇರುವವರು. ಶನಿವಾರ ಭಾನುವಾರ ಮಾತ್ರ ಗುಡ್ಡಕ್ಕೆ ಬರುವ ನಮ್ಮಂಥವರಿಗೆ ಬಿ ದರ್ಜೆಯೇ ಹೆಚ್ಚು ದೂರ ಕೊಡುತ್ತದೆ. ಯಾಕಂದರೆ ರೆಕ್ಕೆ ಬಗ್ಗೆ ಹೆದರಿಕೆ ಇಲ್ಲದಿದ್ದಾಗ ಮಾತ್ರ ಕಣ್ಣು ಮೋಡದ ಮೇಲೆ, ಹದ್ದುಗಳ ಮೇಲೆ, ಮುಂದಿನ ಗುಡ್ಡದ ಮೇಲೆ ಇರುತ್ತದೆ. ಎಕ್ಸ್‌ಕಾಂಟೆಸ್ಟ್ ಅನ್ನುವ ಜಾಲತಾಣದಲ್ಲಿ ಜಗತ್ತಿನ ಪೈಲಟ್‌ಗಳು ತಮ್ಮ ಹಾರಾಟ ದಾಖಲಿಸುತ್ತಾರೆ, ಪಕ್ಕದಲ್ಲೇ ಗ್ಲೈಡರ್ ಹೆಸರೂ ಇರುತ್ತದೆ. ಕೊಳ್ಳುವ ಮೊದಲು ನಾನು ಕಾಮ್‌ಶೇತ್, ಪಂಚಗಣಿ, ಹಿಮಾಚಲದ ಬೀರ್ ಬಿಲ್ಲಿಂಗ್‌ನ ಹಾರಾಟಗಳನ್ನು ಕೂತು ನೋಡಿದೆ. 100 ಕಿ.ಮೀ. ದಾಟಿದ ಎಷ್ಟೋ ಹಾರಾಟಗಳ ಪಕ್ಕದಲ್ಲಿ ಇದ್ದದ್ದು ಬಿ ದರ್ಜೆಯ ರೆಕ್ಕೆ. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಒಂದು ಮಾಡೆಲ್ ಜನಪ್ರಿಯ ಆಗಿರುವುದರಿಂದ ಕೊಳ್ಳುವವನಿಗೆ ಏನು ಲಾಭ? ಬಹಳ ಇದೆ. ಲೈನ್ (ರೆಕ್ಕೆಯಿಂದ ಪೈಲಟ್‌ವರೆಗೆ ಇಳಿಯುವ ತೆಳು ದಾರ) ಒಂದು ಹರಿದರೆ ಅದರ ನಕ್ಷೆ, ಬದಲಿ ಲೈನ್ ಬೇಗ ಸಿಗುತ್ತದೆ. "ಇದು ಥರ್ಮಲ್‌ನಿಂದ ಹೊರಬರುವಾಗ ಮುಂದಕ್ಕೆ ನುಗ್ಗುತ್ತದಾ?" ಅಂತ ಕೇಳಿದರೆ ಉತ್ತರ ಹೇಳಲು ಟೇಕ್‌ಆಫ್‌ನಲ್ಲೇ ಇಬ್ಬರು ಇರುತ್ತಾರೆ. ಮುಂದೆ ಮಾರುವಾಗಲೂ ಗಿರಾಕಿ ಹುಡುಕಬೇಕಿಲ್ಲ. ಹೊಸ ಬಿ ಗ್ಲೈಡರ್‌ಗೆ ಯುರೋಪಿನಲ್ಲೇ 3,000 ಯೂರೋ ಮೇಲೆ ಬೆಲೆ, ಇಲ್ಲಿಗೆ ತರಿಸಲು ಸಾಗಣೆ, ಕಸ್ಟಮ್ಸ್ ಬೇರೆ. ಅಷ್ಟು ದುಡ್ಡು ಹಾಕುವಾಗ ಇವೆಲ್ಲ ಸಣ್ಣ ಮಾತಲ್ಲ.

ನಾನು ಸೆಕೆಂಡ್ ಹ್ಯಾಂಡ್ ಕೊಳ್ಳೋಣ ಅಂತ ನಿರ್ಧರಿಸಿದೆ. ಇಲ್ಲಿ ಹೆಸರಿಗಿಂತ ಬಟ್ಟೆ ಮಾತಾಡುತ್ತದೆ. ಮೊದಲು ನೋಡಿದ ರೆಕ್ಕೆ ಒಳ್ಳೆಯ ಕಂಪನಿಯದ್ದೇ, ಬಣ್ಣ ಕೂಡ ಹೊಳೆಯುತ್ತಿತ್ತು. ಕಾಕಾ ಅದರ ಮುಂಭಾಗದ ಮೇಲ್ಬಟ್ಟೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಬಾಯಿ ಒತ್ತಿ ಗಾಳಿ ಎಳೆದರು. ಗಾಳಿ ಸಲೀಸಾಗಿ ಬಂತು. "ಜಾಳಿಗಿ ಆಗ್ಯಾದ, ತಮ್ಮಾ" ಅಂದರು. ಬಿಸಿಲಿಗೆ ಬಟ್ಟೆಯ ಮೇಲಿನ ಲೇಪ ಹೋಗಿ ಸೋರಲು ಶುರುವಾಗಿರುತ್ತದೆ. ಇದನ್ನು ಸರಿಯಾಗಿ ಅಳೆಯಲು ಪೊರೋಸಿಟಿ ಮೀಟರ್ ಇದೆ. ನಿಗದಿತ ಗಾಳಿ ಬಟ್ಟೆಯ ಮೂಲಕ ಹಾದುಹೋಗಲು ಎಷ್ಟು ಸೆಕೆಂಡ್ ಬೇಕು ಅಂತ ಅದು ತೋರಿಸುತ್ತದೆ. ಸೆಕೆಂಡ್ ಹೆಚ್ಚಿದ್ದಷ್ಟೂ ಬಟ್ಟೆ ಗಟ್ಟಿ. ತುಂಬಾ ಸೋರುವ ರೆಕ್ಕೆ ಮೇಲೇಳಲು ತಡ ಮಾಡುತ್ತದೆ, ಸ್ಟಾಲ್‌ಗೆ, ಅಂದರೆ ಹಾರಾಟ ನಿಂತು ಬೀಳುವ ಸ್ಥಿತಿಗೆ, ಬೇಗ ಜಾರುತ್ತದೆ. ಅದನ್ನು ಅಲ್ಲೇ ಬಿಟ್ಟೆವು.

ಲೈನ್‌ಗಳದ್ದೂ ಒಂದು ಕಥೆ ಇದೆ. ಮುಂದಿನ ಸಾಲಿನ ಎ, ಬಿ ಲೈನ್‌ಗಳ (ಇದು ದರ್ಜೆಯಲ್ಲ, ಸಾಲಿನ ಹೆಸರು) ಮೇಲೆ ಭಾರ ಜಾಸ್ತಿ, ಅವು ಸ್ವಲ್ಪ ಹಿಗ್ಗುತ್ತವೆ. ಹಿಂದಿನ ಸಾಲಿನ ಲೈನ್‌ಗಳ ಮೇಲೆ ಭಾರ ಕಡಿಮೆ, ಅವು ಕುಗ್ಗುತ್ತವೆ. ಕೆಲವೇ ಮಿಲಿಮೀಟರ್‌ಗಳಷ್ಟು ವ್ಯತ್ಯಾಸ ಬಂದರೂ ರೆಕ್ಕೆ ಹಿಂದಕ್ಕೆ ವಾಲಿ ನಿಧಾನವಾಗುತ್ತದೆ. ರೈಸರ್ (ಲೈನ್‌ಗಳನ್ನು ಹಾರ್ನೆಸ್‌ಗೆ ಜೋಡಿಸುವ ಪಟ್ಟಿ) ಬಳಿ ಲೈನ್‌ಗಳಿಗೆ ಹಾಕಿರುವ ಕುಣಿಕೆ ಬದಲಿಸಿ ಇದನ್ನು ಸರಿ ಮಾಡುತ್ತಾರೆ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು ಅನ್ನುವುದು. ಮಾರುವವರು ತಪಾಸಣೆಯ ಕಾಗದ ತೋರಿಸದಿದ್ದರೆ ನಾನು ಮಾತು ಮುಂದುವರಿಸುವುದಿಲ್ಲ.

ಕೊನೆಗೆ ಸಿಕ್ಕಿದ್ದು ಒಂದು ಓಝೋನ್ ಬಜ್ ಜೆಡ್. ನನ್ನ ತೂಕಕ್ಕೆ ಸರಿಯಾದ ಸೈಜ್, ಹೊಸ ತಪಾಸಣೆ ಆಗಿತ್ತು. ದುಡ್ಡು ಕೊಡುವ ಮೊದಲು ಮೈದಾನದಲ್ಲಿ ಗಾಳಿಗೆ ಬೆನ್ನು ಹಾಕಿ ನಿಂತು ಅದನ್ನು ಮತ್ತೆ ಮತ್ತೆ ಎಬ್ಬಿಸಿದೆ. ನಡುಭಾಗ ಮೊದಲು ತುಂಬುತ್ತಿತ್ತು, ತುದಿಗಳು ಹಿಂದೆಯೇ ಬರುತ್ತಿದ್ದವು, ತಲೆ ಮೇಲೆ ಬಂದು ಅಲ್ಲೇ ನಿಲ್ಲುತ್ತಿತ್ತು, ನನ್ನನ್ನು ದಾಟಿ ಮುಂದಕ್ಕೆ ಬೀಳುತ್ತಿರಲಿಲ್ಲ. ಅದೇ ದಿನ ಕಾಕಾ ತಮ್ಮ ಸಿ ದರ್ಜೆಯ ರೆಕ್ಕೆಯನ್ನೂ ಎಬ್ಬಿಸಲು ಕೊಟ್ಟರು. ಅದು ಹಾವಿನ ಹಾಗೆ ಹೊರಳಾಡುತ್ತಾ ಎದ್ದಿತು, ಎರಡು ತುದಿಗಳನ್ನೂ ಬೇರೆ ಬೇರೆಯಾಗಿ ಬ್ರೇಕ್‌ನಲ್ಲಿ (ರೆಕ್ಕೆಯ ಹಿಂಭಾಗವನ್ನು ಕೆಳಗೆ ಎಳೆಯುವ ಹಿಡಿ) ಸಂಭಾಳಿಸಬೇಕಾಯಿತು. ದರ್ಜೆಗಳ ವ್ಯತ್ಯಾಸ ತಿಳಿಯಬೇಕು ಅಂದರೆ ಹೀಗೆ ಎರಡನ್ನೂ ನೆಲದ ಮೇಲೆ ಎಬ್ಬಿಸಿ ನೋಡಿ. ಎಷ್ಟು ಓದಿದರೂ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ಮಾರ್ಚ್‌ನ ಒಂದು ಮಧ್ಯಾಹ್ನ ಟವರ್ ಹಿಲ್ ಮೇಲೆ ಚೂಪಾದ ಥರ್ಮಲ್‌ನ ಅಂಚಿನಲ್ಲಿ ಬಲಗಡೆಯ ರೆಕ್ಕೆ ಸುಮಾರು ಮೂರನೇ ಒಂದು ಭಾಗ ಮಡಚಿತು. ಲೈನ್‌ಗಳು ಸಡಿಲವಾಗುವ ಶಬ್ದ ಕೇಳಿಸಿತು, ಹಾರ್ನೆಸ್ ಬಲಕ್ಕೆ ವಾಲಿತು. ನಾನು ಎಡಕ್ಕೆ ಭಾರ ಹಾಕಿ, ಎಡ ಬ್ರೇಕ್ ಸ್ವಲ್ಪವೇ ಹಿಡಿದೆ. ದಿಕ್ಕು ಅಷ್ಟೇನೂ ಬದಲಾಗಲಿಲ್ಲ. ಟಪ್ ಅಂತ ರೆಕ್ಕೆ ತಾನೇ ತುಂಬಿಕೊಂಡಿತು. ಅದಾದ ಮೇಲೂ ಅದೇ ಥರ್ಮಲ್‌ನಲ್ಲಿ ಸುತ್ತಿ ಮೇಲೆ ಹೋದೆ. ಈ ಮಾಡೆಲ್‌ಗಳು ಇಷ್ಟು ಜನರ ಬಳಿ ಯಾಕಿವೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ.

ನೋಡಿಕೊಳ್ಳುವ ಬಗ್ಗೆ ಒಂದು ಮಾತು. ನಮ್ಮ ಗುಡ್ಡಗಳಲ್ಲಿ ಮಳೆ ಮುಗಿದ ಮೇಲೆ ಒಣಹುಲ್ಲು, ಕೆಂಪು ಧೂಳು ವಿಪರೀತ. ಅವು ಮುಂಭಾಗದ ಬಾಯಿಗಳಿಂದ ಒಳಗೆ ಸೇರಿ ತುದಿಯಲ್ಲಿ ಕೂರುತ್ತವೆ, ಮಡಚಿದಾಗ ಬಟ್ಟೆಯನ್ನು ಉಜ್ಜುತ್ತವೆ. ತುದಿಗಳಲ್ಲಿ ಕಸ ತೆಗೆಯಲೆಂದೇ ಒಂದು ಕಿಂಡಿ ಇರುತ್ತದೆ. ಅದನ್ನು ಬಿಚ್ಚಿ ಕೊಡವಬೇಕು. ಲ್ಯಾಂಡಿಂಗ್ ಆದ ಮೇಲೆ ಬಿಸಿಲಲ್ಲಿ ಹರಡಿ ಚಹಾಕ್ಕೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಸಿ ದರ್ಜೆಯಲ್ಲೂ ಎರಡೇ ಸಾಲು ಲೈನ್ ಇರುವ ರೆಕ್ಕೆಗಳು ಬಂದಿವೆ, ಓಝೋನ್ ಫೋಟಾನ್ ತರಹದವು. ಸಾಲು ಕಡಿಮೆಯಾದಷ್ಟೂ ಗಾಳಿಯ ತಡೆ ಕಡಿಮೆ, ತೇಲುವುದು ಜಾಸ್ತಿ. ಹುಡುಗರು ಆಗಲೇ ಅದರ ಬಗ್ಗೆ ಮಾತಾಡಲು ಶುರು ಮಾಡಿದ್ದಾರೆ. ನಾನು ಅಷ್ಟು ದೂರ ಹೋಗುತ್ತಿಲ್ಲ. ಮುಂದಿನ ಅಕ್ಟೋಬರ್‌ಗೆ ಒಂದು ರಷ್, ಒಂದು ಮೆಂಟರ್ ಹಾರಿಸಿ ನೋಡಲು ಕೇಳಿಟ್ಟಿದ್ದೇನೆ. ಎರಡರಲ್ಲೂ 88 ಕಿಲೋ ಮೇಲಿನ ಅರ್ಧಕ್ಕೆ ಬರುವ ಸೈಜ್ ಬೇಕು ಅಂತ ಮೊದಲೇ ಹೇಳಿದ್ದೇನೆ. ಅದಾದ ಮೇಲೆ ನವೆಂಬರ್‌ನಲ್ಲಿ ಬೀರ್‌ಗೆ ಹೋಗುವ ಯೋಚನೆ ಇದೆ. ಕಾಕಾ ಕೂಡ ಬರುತ್ತೇನೆ ಅಂದಿದ್ದಾರೆ.