ಬಾಯಿಬಿಟ್ಟು ಕೇಳೋದನ್ನು ಕಲಿತಿದ್ದು

ಅಪ್ಪನಿಗೆ ಡಯಾಲಿಸಿಸ್ ಶುರು ಮಾಡಲೇಬೇಕು ಎಂದು ಡಾಕ್ಟರ್ ಹೇಳಿದ ದಿನ, ನಾನು ಮನಸ್ಸಿನಲ್ಲೇ ನಾಲ್ಕು ತೀರ್ಮಾನ ಮಾಡಿಕೊಂಡೆ. ಧೈರ್ಯವಾಗಿರಬೇಕು. ಅಳಬಾರದು. ಸಿಡುಕಬಾರದು. ಯಾರ ಮುಂದೆಯೂ ಕೈಚಾಚಬಾರದು. ಮೊದಲಿನ ಮೂರೂ ಒಂದೇ ವಾರದೊಳಗೆ ಮುರಿದುಬಿದ್ದವು. ನಾಲ್ಕನೆಯದನ್ನು ಮಾತ್ರ ಎಂಟು ತಿಂಗಳು ಚಾಚೂ ತಪ್ಪದೆ ಪಾಲಿಸಿದೆ. ಎಡವಟ್ಟಾಗಿದ್ದು ಅದರಿಂದಲೇ.

ನಮ್ಮದು ತಿಪಟೂರು ಕಡೆಯ ಹಳ್ಳಿ, ಕೊಬ್ಬರಿ ಸೀಮೆ. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಶುಗರ್ ಇತ್ತು, ಅದು ನಿಧಾನವಾಗಿ ಕಿಡ್ನಿಯನ್ನು ತಿಂದುಹಾಕಿತ್ತು. ಸೋಮ, ಬುಧ, ಶುಕ್ರ, ದಿನಕ್ಕೆ ನಾಲ್ಕು ಗಂಟೆ ರಕ್ತ ಸೋಸುವ ಮೆಷಿನ್ನು. ಹೋಗುವಾಗ ತೊಂದರೆ ಇರಲಿಲ್ಲ. ಬರುವಾಗ ಬಿಪಿ ಇಳಿದು ಅಪ್ಪನಿಗೆ ತಲೆ ಸುತ್ತುತ್ತಿತ್ತು. ಬೈಕಿನಲ್ಲಿ ಹಿಂದೆ ಕೂರಿಸಿ, ಟವೆಲ್ಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಬರುತ್ತಿದ್ದೆ. ಯಾರಾದರೂ ಕೇಳಿದರೆ 'ಸುಮ್ನೆ ಶುಗರ್ ಚೆಕಪ್ಪು' ಎನ್ನುತ್ತಿದ್ದೆ. ಅದನ್ನು ಗಟ್ಟಿತನ ಅಂದುಕೊಂಡಿದ್ದೆ.

ಒಂದು ಭಾನುವಾರ ಚಿಕ್ಕಪ್ಪ ಬಂದಿದ್ದರು. 'ಹಿಂಗ್ ಸೊರಗಿಹೋಗಿದೀಯಲ್ಲಣ್ಣ' ಎಂದು ತೋಟಕ್ಕೆ ಹೋಗಿ ಎರಡು ಎಳನೀರು ಕೀಳಿಸಿ, ತಾವೇ ಕೆತ್ತಿ ಕುಡಿಸಿದರು. ನಾನು ಪೇಟೆಗೆ ಹೋಗಿದ್ದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ನಮ್ಮ ನಿಮ್ಮ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಅಪ್ಪನದು ಹಾಕಲ್ಲ. ಅದರಲ್ಲೂ ಶುಕ್ರವಾರದಿಂದ ಸೋಮವಾರದವರೆಗಿನ ಅಂತರ ಉದ್ದ, ಮೈಯಲ್ಲಿ ಎಲ್ಲ ಸೇರಿಕೊಂಡಿರುತ್ತದೆ. ರಾತ್ರಿ ಅಪ್ಪ ಎದ್ದು ನಿಲ್ಲಲಾಗದೆ ಮಂಚದ ಪಕ್ಕ ಕುಸಿದರು. ಕಾಲಲ್ಲಿ ಬಲವೇ ಇಲ್ಲ. ಆ ರಾತ್ರಿಯೇ ತುರ್ತಾಗಿ ಡಯಾಲಿಸಿಸ್ ಮಾಡಿದರು. ಇನ್ನೊಂದಿಷ್ಟು ತಡವಾಗಿದ್ದರೆ ಹೃದಯವೇ ನಿಲ್ಲಬಹುದಿತ್ತು ಎಂದರು ಡಾಕ್ಟರ್.

ಬೆಳಗ್ಗೆ ಚಿಕ್ಕಪ್ಪನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಅಷ್ಟೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, 'ನಂಗ್ಯಾರಪ್ಪ ಹೇಳಿದ್ರು?' ಅಂದರು.

ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಅಲ್ವಾ?

ಅಲ್ಲಿಂದ ಶುರುವಾಯಿತು ನನ್ನ ಅಭ್ಯಾಸ. ಇದನ್ನು ಅಭ್ಯಾಸ ಅಂತಲೇ ಕರೆಯುತ್ತೇನೆ, ಯಾಕೆಂದರೆ ಬಾಯಿಬಿಟ್ಟು ಕೇಳುವುದು ನನ್ನ ಹುಟ್ಟುಗುಣ ಅಲ್ಲವೇ ಅಲ್ಲ. ಪಕ್ಕದ ಬೀದಿಯ ಮೇಷ್ಟ್ರ ಹತ್ತಿರ ಆಮ್ನಿ ಇತ್ತು. ಅವರ ಗೇಟಿನವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ, ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ: 'ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯಿಂದ ಅಪ್ಪನನ್ನು ಕರ್ಕೊಂಡು ಬರ್ತೀರಾ ಸಾರ್? ಪೆಟ್ರೋಲ್ ನಾನು ಹಾಕಿಸ್ತೀನಿ.' ಅವರು 'ಇಷ್ಟೇನಾ?' ಅಂದರು. ಪೆಟ್ರೋಲಿನ ದುಡ್ಡು ಮಾತ್ರ ತಗೊಂಡರು, ಅದೂ ಒಳ್ಳೆಯದೇ ಆಯಿತು. ಪುಕ್ಕಟೆಯಾಗಿದ್ದರೆ ಮುಂದಿನ ವಾರ ಕೇಳಲು ನನಗೇ ಬಾಯಿ ಬರುತ್ತಿರಲಿಲ್ಲ.

ನನಗೆ ಗೊತ್ತಾಗಿದ್ದು ಇದು: 'ಏನಾದ್ರೂ ಬೇಕಾದ್ರೆ ಹೇಳು' ಎಂದು ಎಲ್ಲರೂ ಅನ್ನುತ್ತಾರೆ, ಸುಳ್ಳಿಗಲ್ಲ. ಏನು ಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ ಅಷ್ಟೇ. ದಿನ, ಹೊತ್ತು, ಕೆಲಸ, ಮೂರನ್ನೂ ಸೇರಿಸಿ ಕೇಳಿದರೆ ಹೂಂ ಅನ್ನುವುದಕ್ಕೂ ಸುಲಭ, ಆಗಲ್ಲ ಅನ್ನುವುದಕ್ಕೂ ಸುಲಭ. ಆಗಲ್ಲ ಅಂದವರೂ ಇದ್ದಾರೆ. ಒಬ್ಬರು ನೆಂಟರು ಆಮೇಲೆ ನನ್ನ ಫೋನೇ ಎತ್ತಲಿಲ್ಲ. ಒಂದು ವಾರ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನ ಅಕ್ಕನಿಗೆ ತಿಂಗಳಿಗೆ ಒಂದು ಶನಿವಾರ, ಭಾನುವಾರ ಇರ್ತೀಯಾ ಎಂದೆ. 'ಎಂಟು ತಿಂಗಳಿಂದ ನೀನು ಕರೀಲಿ ಅಂತ ಕಾಯ್ತಿದ್ದೆ ಕಣೋ' ಎಂದು ಅತ್ತುಬಿಟ್ಟಳು.

ಆಸ್ಪತ್ರೆಯಲ್ಲೂ ಪೆದ್ದುಪೆದ್ದಾಗಿ ಕೇಳಲು ಶುರು ಮಾಡಿದೆ. ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಕೇಂದ್ರದ ಯೋಜನೆ 2016ರಿಂದಲೇ ಇದೆ. ಇದನ್ನು ನನಗೆ ಹೇಳಿದ್ದು ಪಕ್ಕದ ಹಾಸಿಗೆಯವರ ಹೆಂಡತಿ. ಅಷ್ಟು ದಿನ ಖಾಸಗಿಯಲ್ಲಿ ಕಟ್ಟಿದ ದುಡ್ಡಿನ ಲೆಕ್ಕ ಮಾಡಲು ಹೋಗಲಿಲ್ಲ, ಹೊಟ್ಟೆ ಉರಿಯುತ್ತದೆ.

ಡಯಾಲಿಸಿಸ್ ಸೂಜಿ ಚುಚ್ಚಲು ಫಿಸ್ಟುಲಾ, ಅಂದರೆ ರಕ್ತನಾಳಗಳ ಜೋಡಣೆ, ಮಾಡಿದ ಕೈಯನ್ನು ನೋಡಿಕೊಳ್ಳುವುದು ಹೇಗೆ ಎಂದು ಕೇಳಿದಾಗ ನರ್ಸ್ ನನ್ನ ಮೂರು ಬೆರಳು ಹಿಡಿದು ಅಪ್ಪನ ಮುಂಗೈ ಮೇಲೆ ಇಟ್ಟರು. ಚರ್ಮದ ಕೆಳಗೆ ಗುಂಯ್ ಗುಂಯ್ ಅಂತ ಅದುರುತ್ತಿತ್ತು, ಮುಚ್ಚಿದ ಡಬ್ಬಿಯಲ್ಲಿ ಜೇನುನೊಣ ಇದ್ದ ಹಾಗೆ. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿರುತ್ತಾರೆ, ರಕ್ತ ಜೋರಾಗಿ ನುಗ್ಗುವುದರಿಂದ ಆ ಅದುರು. ಅದು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಬಾರದು. ಈಗ ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಬೆರಳಿಟ್ಟು ನೋಡುತ್ತೇನೆ.

ಅಡುಗೆಮನೆಯಲ್ಲಿ ಅಮ್ಮನನ್ನು ಒಪ್ಪಿಸುವುದೇ ದೊಡ್ಡ ಪಾಡಾಯಿತು. ತರಕಾರಿ, ಸೊಪ್ಪನ್ನು ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಬೇಕು, ಪೊಟ್ಯಾಶಿಯಂ ಸ್ವಲ್ಪ ಹೋಗಲಿ ಅಂತ. ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುವ ಮನೆ ನಮ್ಮದು. 'ಸಾರವೆಲ್ಲ ಚೆಲ್ಲಿ ಚರಟ ತಿನ್ಸಾ ಅಂತೀಯಾ?' ಎಂದು ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಮೆಷಿನ್ ಪಕ್ಕ ಕೂತು ಮೊಬೈಲಲ್ಲಿ ಓದಿದ್ದೊಂದು ನೆನಪಿದೆ. ಕೃತಕ ಕಿಡ್ನಿಯನ್ನು ಮೊದಲು ಕಟ್ಟಿದವರಲ್ಲಿ ಒಬ್ಬರು ನೆದರ್‌ಲ್ಯಾಂಡ್ಸ್‌ನ ಡಾಕ್ಟರ್ ವಿಲೆಮ್ ಕೋಲ್ಫ್. 1943, ಜರ್ಮನ್ನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲ, ಏನೂ ಸಿಗುತ್ತಿರಲಿಲ್ಲ. ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆ ಬಳಸಿದರು, ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯವರ ನೆರವು ಪಡೆದರು. ಮೊದಮೊದಲು ರೋಗಿಗಳು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಬದುಕಿದರು. ಅಷ್ಟು ದೊಡ್ಡ ಡಾಕ್ಟರೇ ಪಾತ್ರೆ ಮಾಡುವವರನ್ನು ಕೇಳಿದ್ದಾರಂತೆ, ಮೇಷ್ಟ್ರ ಗೇಟಿನ ಮುಂದೆ ನನ್ನದೇನು ಬಿಂಕ ಅನ್ನಿಸಿತು.

ಸಿಡುಕು ಇನ್ನೂ ಹೋಗಿಲ್ಲ. ನೀರಿನ ವಿಷಯಕ್ಕೆ ದಿನಾ ಜಗಳ ಆಗುತ್ತಿತ್ತು. ಅಪ್ಪನಿಗೆ ಡಾಕ್ಟರ್ ಹಾಕಿಕೊಟ್ಟ ಮಿತಿ ದಿನಕ್ಕೆ 800 ಎಂಎಲ್, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ನಾನು ಪೊಲೀಸನ ಹಾಗೆ ಕಾಯುತ್ತಿದ್ದೆ, ಅಪ್ಪ ಕದ್ದು ಕುಡಿಯುತ್ತಿದ್ದರು, ಆ ನೀರು ಮೈಯಲ್ಲೇ ನಿಂತು ಸೋಮವಾರದ ತೂಕದಲ್ಲಿ ಸಿಕ್ಕಿಬೀಳುತ್ತಿದ್ದರು. ಕೊನೆಗೆ ಅವರನ್ನೇ ಕೇಳಿದೆ, 'ನೀವೇ ಹೇಳಿ ಅಪ್ಪ, ಹೆಂಗ್ ಮಾಡೋಣ?' ಉಪಾಯ ಅವರದೇ. ಬೆಳಗ್ಗೆ ಬಾಟಲಿಗೆ 800 ಎಂಎಲ್ ತುಂಬಿ ಕಿಟಕಿಯಲ್ಲಿ ಇಡುವುದು. ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿಗೆ ಹಾಕುವುದು. ಉಳಿದಿದ್ದು ಕಣ್ಣಿಗೆ ಕಾಣುತ್ತದೆ, ಯಾರೂ ಯಾರನ್ನೂ ಕಾಯಬೇಕಿಲ್ಲ.

ನಿನ್ನೆ ಸಂಜೆ ಮಳೆ ಬರುತ್ತಿತ್ತು. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, 'ಇನ್ನೊಂದರ್ಧ ಲೋಟ ಕಾಫಿ ಕೊಡ್ತೀಯೇನ್ಲಾ? ಲೆಕ್ಕ ಐತೆ' ಅಂದರು.